ಬೂದಿಯ ಕೆಳಗಿನ ಕೆಂಡ: ದಿನದ ವಾಕ್ಯಧ್ಯಾನವನ್ನು ಉಳಿಸಿಕೊಳ್ಳುವ ಬಗೆ

ತೀರ್ಥಹಳ್ಳಿಯ ಕಡೆಯ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಸೌದೆಯ ಚಿಂತೆ ಶುರುವಾಗುತ್ತದೆ. ಮಳೆ ಹಿಡಿಯುವ ಮೊದಲು ಕೊಟ್ಟಿಗೆಯ ಒಂದು ಬದಿ ಒಣ ಕಟ್ಟಿಗೆಯಿಂದ ತುಂಬದಿದ್ದರೆ ಆಷಾಢದಲ್ಲಿ ಬಚ್ಚಲ ಹಂಡೆ ಕಾಯುವುದಿಲ್ಲ. ನಮ್ಮ ಅಜ್ಜಿ ರಾತ್ರಿ ಮಲಗುವ ಮುನ್ನ ಒಲೆಯ ಕೆಂಡಗಳನ್ನು ಒಂದೆಡೆ ಸೇರಿಸಿ ಮೇಲೆ ಬೂದಿ ಮುಚ್ಚುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ನಾಲ್ಕು ಒಣ ಜಿಗ್ಗು ಇಟ್ಟು, ಊದುಗೊಳವೆಯಿಂದ ಊದಿದರೆ ಉರಿ ಏಳುತ್ತಿತ್ತು. ನೀರು ಕಾಯುವ ತನಕ ಅವರು ಅಲ್ಲೇ ಮಣೆಯ ಮೇಲೆ ಕುಳಿತು, ಮಡಿಲಲ್ಲಿ ಸತ್ಯವೇದ ಇಟ್ಟುಕೊಂಡು, ಸಣ್ಣ ದನಿಯಲ್ಲಿ ಓದುತ್ತಿದ್ದರು. ನಾನು ಹಲ್ಲುಜ್ಜುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಮೊದಲ ಬೈಬಲ್ ತರಗತಿ ಅದೇ.

ಸತ್ಯವೇದದ ಮೂರನೆಯ ಪುಸ್ತಕವಾದ ಯಾಜಕಕಾಂಡದ 6ನೆಯ ಅಧ್ಯಾಯದಲ್ಲಿ ಒಂದು ವಿಧಿ ಇದೆ. ಯಜ್ಞವೇದಿಯ ಬೆಂಕಿ ಆರಬಾರದು, ಯಾಜಕನು ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಕಟ್ಟಿಗೆ ಇಡಬೇಕು ಎಂದು. ಅದೇ ಪುಸ್ತಕದ 9ನೆಯ ಅಧ್ಯಾಯದ ಕೊನೆಯಲ್ಲಿ ದೇವರ ಸನ್ನಿಧಿಯಿಂದಲೇ ಬೆಂಕಿ ಹೊರಟು ವೇದಿಯ ಮೇಲಿನ ಯಜ್ಞವನ್ನು ದಹಿಸುತ್ತದೆ. ಈ ಎರಡನ್ನೂ ಸೇರಿಸಿ ಓದಿದ ದಿನ ನನಗೆ ಅಜ್ಜಿಯ ಒಲೆ ಅರ್ಥವಾಯಿತು. ಬೆಂಕಿ ದೇವರದು, ಕಟ್ಟಿಗೆ ಇಡುವ ಕೈ ನಮ್ಮದು. ನಮ್ಮಲ್ಲಿ ಬಹಳ ಜನರ ವಿಶ್ವಾಸ ತಣ್ಣಗಾಗುವುದಕ್ಕೆ ದೊಡ್ಡ ಸಂಶಯವೋ ದೊಡ್ಡ ಪಾಪವೋ ಕಾರಣವಲ್ಲ ಎಂದು ನಾನು ನಂಬುತ್ತೇನೆ. ವಾರವಿಡೀ ಯಾರೂ ಕಟ್ಟಿಗೆ ಇಡಲಿಲ್ಲ, ಅಷ್ಟೇ. ಭಾನುವಾರ ದೇವಾಲಯಕ್ಕೆ ತಪ್ಪದೆ ಹೋಗುವ, ಆದರೆ ಸೋಮವಾರದಿಂದ ಶನಿವಾರದವರೆಗೆ ಸತ್ಯವೇದ ತೆರೆಯದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯೂ ಕೆಲವು ವರ್ಷ ಹಾಗೆಯೇ ಇತ್ತು.

ಮೊದಲು ಹೊತ್ತು, ಆಮೇಲೆ ಜಾಗ

ಬೆಳಗಿನ ಜಾವವೇ ಆಗಬೇಕೆಂಬ ಹಟ ಬೇಡ. ಭದ್ರಾವತಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಬೆಳಗಿನ ಐದು ಗಂಟೆ ಎಂದರೆ ಮಲಗುವ ಹೊತ್ತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಧ್ಯರಾತ್ರಿಯವರೆಗೆ ಸುಲಿಯುವ ಹೆಂಗಸರಿಗೆ ಜಾವದಲ್ಲಿ ಎದ್ದು ಪ್ರಾರ್ಥಿಸಿ ಎಂದು ಹೇಳುವುದು ಕ್ರೌರ್ಯ. ದಿನದಲ್ಲಿ ಹೇಗಿದ್ದರೂ ತಪ್ಪದ ಒಂದು ಕೆಲಸವನ್ನು ಹುಡುಕಿ, ಅದಕ್ಕೆ ಓದನ್ನು ಗಂಟು ಹಾಕಿ. ಅಜ್ಜಿಗೆ ಅದು ಹಂಡೆಯ ನೀರು. ನಿಮಗೆ ಮಕ್ಕಳು ಶಾಲೆಯ ಬಸ್ ಹತ್ತಿದ ಮೇಲಿನ ಹದಿನೈದು ನಿಮಿಷ ಇರಬಹುದು, ಅಂಗಡಿಯ ಬಾಗಿಲು ತೆಗೆಯುವ ಮುಂಚಿನ ಹತ್ತು ನಿಮಿಷ ಇರಬಹುದು. ಶುರುವಿಗೆ ಹತ್ತು ನಿಮಿಷ ಸಾಕು. ಒಂದು ಗಂಟೆಯೆಂದು ಹರಕೆ ಹೊತ್ತವರು ಎರಡನೆಯ ವಾರಕ್ಕೆ ಕೈಬಿಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಜಾಗ ಒಂದೇ ಇರಲಿ. ಅದೇ ಕುರ್ಚಿ, ಅದೇ ಕಿಟಕಿ. ಹಿಂದಿನ ರಾತ್ರಿಯೇ ಸತ್ಯವೇದವನ್ನು ಮರುದಿನದ ಭಾಗಕ್ಕೆ ಗುರುತು ಇಟ್ಟು ಅಲ್ಲಿ ಇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊಬೈಲಿನಲ್ಲೂ ವಾಕ್ಯ ಇದೆ, ನಿಜ. ಆದರೆ ಒಂದು ಸಂದೇಶ ಬಂದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಅಲ್ಲದೆ ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದ ಊರುಗಳಿಗೆ ಅಚ್ಚಿನ ಪುಸ್ತಕವೇ ಗಟ್ಟಿ.

ಪುಸ್ತಕದ ಬಗ್ಗೆ ಒಂದು ಮಾತು. ಆಗುಂಬೆ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಜಿಪ್ ಇರುವ ರೆಕ್ಸಿನ್ ಹೊದಿಕೆಯೊಳಗೆ ಮುಚ್ಚಿಟ್ಟ ಸತ್ಯವೇದದ ಹಾಳೆಗಳು ತೇವ ಎಳೆದುಕೊಂಡು ಒಂದಕ್ಕೊಂದು ಅಂಟುತ್ತವೆ. ಮಳೆಗಾಲದಲ್ಲಿ ಹೊದಿಕೆಯಿಂದ ಹೊರತೆಗೆದು, ಗೋಡೆಗೆ ತಾಗದಂತೆ, ಸಾಧ್ಯವಾದರೆ ಒಲೆಯ ಬೆಚ್ಚಗೆ ತಾಗುವ ಎತ್ತರದಲ್ಲಿ ಇಡಿ. ದಿನವೂ ತೆರೆಯುವ ಪುಸ್ತಕಕ್ಕೆ ಗಾಳಿ ಆಡುವುದರಿಂದ ಬೂಷ್ಟು ಹಿಡಿಯುವುದು ಕಡಿಮೆ.

ಎಲ್ಲಿಂದ ಓದಬೇಕು

ಜನವರಿ 1ರಂದು ಆದಿಕಾಂಡದಿಂದ ಹೊರಟು ಡಿಸೆಂಬರ್ 31ಕ್ಕೆ ಪ್ರಕಟನೆ ಮುಗಿಸುವ ಸಂಕಲ್ಪ ನಮ್ಮಲ್ಲಿ ಬಹಳ ಜನಪ್ರಿಯ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪ್ರೊಟೆಸ್ಟೆಂಟ್ ಸಭೆಗಳು ಓದುವ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಇನ್ನೂ ಹೆಚ್ಚು. ದಿನಕ್ಕೆ ಮೂರು ಅಧ್ಯಾಯ ಓದಿದರೂ ವರ್ಷಕ್ಕೆ ಮುಗಿಯುವುದಿಲ್ಲ. ಆದಿಕಾಂಡಕ್ಕೆ 50, ವಿಮೋಚನಕಾಂಡಕ್ಕೆ 40 ಅಧ್ಯಾಯ. ಆ ವೇಗದಲ್ಲಿ ಹೋದರೆ ಸರಿಯಾಗಿ ಜನವರಿ 31ರಂದು ಯಾಜಕಕಾಂಡದ ಯಜ್ಞವಿಧಿಗಳ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಬಹುಪಾಲು ಓದು ನಿಲ್ಲುವುದು ಅಲ್ಲೇ. ಯಾಜಕಕಾಂಡದ ತಪ್ಪು ಅದರಲ್ಲಿ ಏನೂ ಇಲ್ಲ. ಅದನ್ನು ಓದುವ ಹಸಿವು ಬೆಳೆಯುವ ಮೊದಲೇ ಎಲೆಗೆ ಬಡಿಸಿಕೊಂಡದ್ದು ತಪ್ಪು.

ನನ್ನ ಸಲಹೆ: ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು, 16 ಅಧ್ಯಾಯ. ಯೇಸು ಅದರಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ನಡೆಯುತ್ತಲೇ ಇರುತ್ತಾನೆ, ಓದುಗನೂ ಹಿಂದೆ ನಡೆಯುತ್ತಾನೆ. ದಿನಕ್ಕೆ ಒಂದು ಪ್ರಸಂಗ ಮಾತ್ರ ಓದಿದರೆ ಎರಡು ಮೂರು ತಿಂಗಳ ಓದು. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ. ಅದು ನಾಲ್ಕೇ ಅಧ್ಯಾಯ; ಅಪೊಸ್ತಲ ಪೌಲನು ಸೆರೆಯಲ್ಲಿದ್ದು ಬರೆದ ಪತ್ರವಾದ್ದರಿಂದ ಒಂದೇ ಸಲ ಕುಳಿತು ಪೂರ್ತಿ ಓದಿ, ಮನೆಗೆ ಬಂದ ಪತ್ರವನ್ನು ಓದುವಂತೆ. ಅದಾದ ಮೇಲೆ ಆದಿಕಾಂಡಕ್ಕೆ ಹೋಗಿ.

ಇದರ ಜೊತೆಗೆ ದಿನಕ್ಕೊಂದು ಕೀರ್ತನೆ, ಅಂದರೆ ಸತ್ಯವೇದದ ಪ್ರಾರ್ಥನೆಯ ಹಾಡು. ಕೀರ್ತನೆಗಳು 150. ಜೂನ್ 1ರಂದು ಮಳೆಯ ಜೊತೆ ಶುರುಮಾಡಿದರೆ ಅಕ್ಟೋಬರ್ 28ಕ್ಕೆ ಮುಗಿಯುತ್ತದೆ, ಅಡಿಕೆ ಕೊಯ್ಲು ಜೋರಾಗುವ ಮೊದಲು. 119ನೆಯದಕ್ಕೆ ಮಾತ್ರ 176 ವಚನ. ಮೂಲ ಹೀಬ್ರೂವಿನಲ್ಲಿ ಅದು ಅಕ್ಷರಮಾಲೆಯ 22 ಅಕ್ಷರಗಳಿಗೆ ಎಂಟೆಂಟು ವಚನದಂತೆ ಕಟ್ಟಿದ ಕವಿತೆ; ಅದನ್ನು ಎಂಟೆಂಟಾಗಿಯೇ ಓದಿ, ತಿಂಗಳು ಸ್ವಲ್ಪ ಮುಂದೆ ಹೋದರೆ ಹೋಗಲಿ. ಕಥೋಲಿಕ ಮನೆಗಳಿಗೆ ಇನ್ನೊಂದು ಅನುಕೂಲವಿದೆ. ಧರ್ಮಸಭೆಯೇ ಪ್ರತಿದಿನದ ಪೂಜೆಗೆ ವಾಚನಗಳನ್ನು ಗೊತ್ತುಮಾಡಿದೆ, ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಪೂಜೆಗೆ ಹೋಗಲಾಗದ ದಿನವೂ ಅದೇ ವಾಚನವನ್ನು ಮನೆಯಲ್ಲಿ ಓದಿದರೆ ಲೋಕದ ಎಲ್ಲ ಕಡೆಯ ಸಹೋದರರ ಜೊತೆ ಕುಳಿತಂತೆ.

ಅಧ್ಯಾಯದ ಗೆರೆಗಳನ್ನು ಹೆಚ್ಚು ನಂಬಬೇಡಿ. ಅವು ಮೂಲದಲ್ಲಿ ಇರಲಿಲ್ಲ. ಈಗಿನ ಅಧ್ಯಾಯ ವಿಭಾಗ 13ನೆಯ ಶತಮಾನದ್ದು, ಹೊಸ ಒಡಂಬಡಿಕೆಯ ವಚನ ಸಂಖ್ಯೆ 1551ರದ್ದು. ಯೆಶಾಯನ 53ನೆಯ ಅಧ್ಯಾಯದ ಶ್ರಮೆಪಡುವ ಸೇವಕನ ಹಾಡು ನಿಜವಾಗಿ ಶುರುವಾಗುವುದು 52:13ರಲ್ಲಿ. 53ರಿಂದ ಓದಿದವನು ಹಾಡಿನ ಪಲ್ಲವಿಯನ್ನೇ ಬಿಟ್ಟಂತಾಗುತ್ತದೆ.

ಓದುವುದು ಹೇಗೆ: ಮೆಲುಕು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಹೇಳಬೇಕೆಂದಿರುವುದರಲ್ಲಿ ಹೆಚ್ಚಿನದು ಇಲ್ಲೇ ಇದೆ.

ಮೊದಲ ಕೀರ್ತನೆ ಹೇಳುತ್ತದೆ: ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನು. 'ಧ್ಯಾನ' ಎಂದೊಡನೆ ಕನ್ನಡದ ಕಿವಿಗೆ ಕಣ್ಣು ಮುಚ್ಚಿ ಮೌನವಾಗಿ ಕುಳಿತವನ ಚಿತ್ರ ಬರುತ್ತದೆ. ಅಲ್ಲಿನ ಹೀಬ್ರೂ ಪದ 'ಹಾಗಾ'. ಅದರಲ್ಲಿ ಸದ್ದಿದೆ. ಯೆಶಾಯನು ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ಗುಂಯ್‌ಗುಟ್ಟುವಿಕೆಗೂ ಇದೇ ಪದ ಬಳಸುತ್ತಾನೆ. ಅಂದರೆ ತುಟಿ ಅಲುಗಬೇಕು, ಮಾತು ಬಾಯಲ್ಲಿ ಸುತ್ತಬೇಕು. ಸಂಜೆ ಬೆಟ್ಟದಿಂದ ಇಳಿದು ಬಂದ ಹಸು ಕೊಟ್ಟಿಗೆಯಲ್ಲಿ ಕುಳಿತು ಮೆಲುಕು ಹಾಕುವುದನ್ನು ನೋಡಿದ್ದೀರಲ್ಲ, ಹಾಗೆ. ಒಲೆಯ ಮುಂದೆ ಅಜ್ಜಿ ಮಾಡುತ್ತಿದ್ದುದೂ ಅದನ್ನೇ, ಹೀಬ್ರೂವಿನ ಒಂದು ಅಕ್ಷರ ತಿಳಿಯದೆ.

ಆದ್ದರಿಂದ ಆ ದಿನದ ಭಾಗವನ್ನು ಮೂರು ಸಲ ಓದಿ. ಮೊದಲ ಸಲ ಗಟ್ಟಿಯಾಗಿ, ಕಥೆ ಏನೆಂದು ತಿಳಿಯಲು. ಎರಡನೆಯ ಸಲ ನಿಧಾನವಾಗಿ, ಕೈಯಲ್ಲಿ ಪೆನ್ಸಿಲ್ ಹಿಡಿದು. ಯಾರು ಮಾತನಾಡುತ್ತಿದ್ದಾರೆ, ಯಾರಿಗೆ, ಇದಕ್ಕೆ ಮುಂಚೆ ಏನಾಗಿತ್ತು, ಯಾವ ಪದ ಮತ್ತೆ ಬಂತು ಎಂದು ಕೇಳಿ. ಮೂರನೆಯ ಸಲ ಒಂದೇ ವಾಕ್ಯವನ್ನು ಆರಿಸಿಕೊಂಡು ಅದನ್ನು ಬಾಯಲ್ಲಿ ಇಟ್ಟುಕೊಳ್ಳಿ, ದಿನದ ಕೆಲಸಕ್ಕೆ ಹೋಗುವಾಗಲೂ.

ಒಂದು ಉದಾಹರಣೆ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುವನ್ನು ಬಂಧಿಸಿದ ರಾತ್ರಿ. ಚಳಿ. ಆಳುಗಳು ಕೆಂಡದ ಬೆಂಕಿ ಮಾಡಿ ಕಾಯಿಸಿಕೊಳ್ಳುತ್ತಿದ್ದಾರೆ, ಯೇಸುವಿನ ಶಿಷ್ಯ ಪೇತ್ರನೂ ಅವರ ನಡುವೆ ನಿಂತಿದ್ದಾನೆ. ನೀನೂ ಅವನ ಶಿಷ್ಯನಲ್ಲವೇ ಎಂದು ಕೇಳಿದಾಗ ಅಲ್ಲಿಯೇ ಅವನು 'ನಾನಲ್ಲ' ಎನ್ನುತ್ತಾನೆ. ಈಗ 21ನೆಯ ಅಧ್ಯಾಯಕ್ಕೆ ಬನ್ನಿ. ಪುನರುತ್ಥಾನದ ನಂತರ, ಬೆಳಗಿನ ಜಾವ, ಕೆರೆಯ ದಡ. ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಗ್ರೀಕ್ ಮೂಲದಲ್ಲಿ 'ಕೆಂಡದ ಬೆಂಕಿ' ಎಂಬ ಈ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಮೂರು ಸಲ ಅಲ್ಲಗಳೆದವನಿಗೆ ಕರ್ತನು 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಮೂರು ಸಲ ಕೇಳುವುದು ಅದೇ ಬಗೆಯ ಬೆಂಕಿಯ ಪಕ್ಕದಲ್ಲಿ. ಪೇತ್ರನ ಮೂಗಿಗೆ ಆ ಹೊಗೆಯ ವಾಸನೆ ಬಡಿದಾಗ ಏನನಿಸಿರಬೇಕು? ಕರ್ತನು ಅವನನ್ನು ಬೈಯಲಿಲ್ಲ. ಮೊದಲು ಊಟ ಬಡಿಸಿದನು. ನಾನು ಇದನ್ನು ಹತ್ತಾರು ವರ್ಷ ಓದಿಯೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಎರಡನೆಯ ಸಲ ಓದುವಾಗ ಕಂಡಿತು, ಆ ದಿನ ಬಚ್ಚಲ ಒಲೆಯ ಮುಂದೆ ಅತ್ತೆ.

ಪದ ತೊಡಕಾದರೆ ಎರಡು ಅನುವಾದ ಪಕ್ಕದಲ್ಲಿಟ್ಟುಕೊಳ್ಳಿ. ಹಳೆಯ ಸತ್ಯವೇದದಲ್ಲಿ 'ಯೆಹೋವನು' ಎಂದಿರುವಲ್ಲಿ ಸರಳ ಕನ್ನಡದ ಪವಿತ್ರ ಬೈಬಲಿನಲ್ಲಿ 'ಸರ್ವೇಶ್ವರ' ಎಂದಿದೆ. ಹೀಗೆ ಹೋಲಿಸಿದಾಗ ಮೂಲದ ಪದ ಎಷ್ಟು ಭಾರದ್ದೆಂದು ಗೊತ್ತಾಗುತ್ತದೆ. ಕನ್ನಡಕ್ಕೆ ಪೂರ್ಣ ಬೈಬಲ್ ಬಂದು ಬಹಳ ಕಾಲವಾಯಿತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಅನುವಾದ 1831ರ ಹೊತ್ತಿಗೇ ಅಚ್ಚಾಗಿತ್ತು. ಹಳೆಯ ಪದಗಳ ಅರ್ಥಕ್ಕೆ ಕಿಟೆಲರ 1894ರ ನಿಘಂಟು ಈಗಲೂ ಉಪಯುಕ್ತ. ಬಾಸೆಲ್ ಮಿಷನ್ನಿನ ಕೆಲಸಕ್ಕೆ ಬಂದ ಆ ಮನುಷ್ಯ ನಮ್ಮ ಭಾಷೆಗಾಗಿ ಕಣ್ಣು ಸವೆಸಿದ್ದನ್ನು ನೆನೆದರೆ ಗೌರವ ಉಕ್ಕುತ್ತದೆ.

ಒಂದು ನೂರು ಪುಟದ ನೋಟ್‌ಬುಕ್ ಇರಲಿ. ದಿನಾಂಕ, ಓದಿದ ಭಾಗ, ಒಂದೇ ಒಂದು ಸಾಲು. ಅರ್ಥವಾಗದ್ದನ್ನು ಪ್ರಶ್ನೆಯಾಗಿ ಬರೆದಿಟ್ಟು ತಿಂಗಳಿಗೊಮ್ಮೆ ಸಭಾಪಾಲಕರ ಅಥವಾ ಗುರುಗಳ ಮುಂದೆ ಇಡಿ. ಕೇಳಿದರೆ ಅವರಿಗೆ ಸಂತೋಷವೇ ಆಗುತ್ತದೆ.

ಕ್ಯಾಲೆಂಡರಿನ ವಾಗ್ದಾನ

ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಒಂದು ವಚನ ಬರುತ್ತದೆ. ಕಳುಹಿಸುವವರ ಪ್ರೀತಿ ದೊಡ್ಡದು. ಆದರೆ ಅದನ್ನೇ ದಿನದ ಓದು ಎಂದುಕೊಂಡರೆ ಉಪ್ಪಿನಕಾಯಿಯಲ್ಲೇ ಊಟ ಮುಗಿಸಿದಂತೆ. ಯೆರೆಮೀಯ 29:11 ಅನ್ನು ಗಮನಿಸಿ. ದೇವರು ನಮಗಾಗಿ ಮಾಡಿಕೊಂಡ ಆಲೋಚನೆಗಳು ಹಿತದವು, ಅಹಿತದವಲ್ಲ ಎಂಬ ಮಾತು. ಹೊಸ ವರ್ಷದ ಕಾರ್ಡುಗಳಲ್ಲಿ, ಗೋಡೆಯ ಚೌಕಟ್ಟುಗಳಲ್ಲಿ ಎಲ್ಲೆಲ್ಲೂ ಇದೆ. ಒಂದು ವಚನ ಹಿಂದಕ್ಕೆ ಹೋಗಿ: ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದಿದೆ. ಐದನೆಯ ವಚನಕ್ಕೆ ಹೋಗಿ: ಮನೆ ಕಟ್ಟಿ ವಾಸಿಸಿರಿ, ತೋಟ ಮಾಡಿ ಫಲ ತಿನ್ನಿರಿ ಎಂದಿದೆ. ಸೆರೆಯಾಗಿ ಹೋದವರಿಗೆ ಬರೆದ ಪತ್ರ ಅದು. ನಾಳೆಯೇ ಬಿಡುಗಡೆ ಎನ್ನುತ್ತಿದ್ದ ಸುಳ್ಳು ಪ್ರವಾದಿಗಳಿಗೆ ವಿರುದ್ಧವಾಗಿ ಬಂದದ್ದು.

ಅಡಿಕೆ ಸಸಿ ನೆಟ್ಟು ಫಲಕ್ಕಾಗಿ ಐದಾರು ವರ್ಷ ಕಾಯುವ ನಮಗೆ ಈ ಪತ್ರ ಬೇರೆಯವರಿಗಿಂತ ಹೆಚ್ಚು ಅರ್ಥವಾಗಬೇಕು. ಕೊಳೆರೋಗ ಬಂದು ಕಾಯಿ ಉದುರಿದ ವರ್ಷ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗದ ವರ್ಷ, ಕ್ಯಾಲೆಂಡರಿನ ವಾಗ್ದಾನ ಸುಳ್ಳಾಯಿತು ಎಂದು ಕೆಲವರು ಮುರಿದುಹೋಗುತ್ತಾರೆ. ಇಡೀ ಪತ್ರ ಓದಿದ್ದರೆ, ಬಂದ ಊರಿನಲ್ಲೇ ಸಸಿ ನೆಡಲು ಹೇಳುವ ದೇವರು ಅವರಿಗೆ ಸಿಗುತ್ತಿದ್ದನು. ಚೌಕಟ್ಟಿನ ವಚನ ಕಂಡಾಗಲೆಲ್ಲ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದುವ ಅಭ್ಯಾಸ ಮಾಡಿಕೊಳ್ಳಿ.

ಓದಿದ್ದನ್ನು ಪ್ರಾರ್ಥನೆಯಾಗಿಸುವುದು

ಓದಿದ ಮಾತಿನಿಂದಲೇ ಪ್ರಾರ್ಥನೆ ಶುರುಮಾಡಿ. 'ಯೆಹೋವನು ನನಗೆ ಕುರುಬನು' ಎಂದು ಓದಿದ ದಿನ, ಯಾವ ವಿಷಯದಲ್ಲಿ ನನಗೆ ಕುರುಬ ಬೇಕಾಗಿದೆ ಎಂದು ಹೆಸರಿಟ್ಟು ಹೇಳಿ: ಸಾಲ, ಮಗಳ ಪರೀಕ್ಷೆ, ಮಂಡಿ ನೋವು. ಮಲೆನಾಡಿನ ಕ್ರೈಸ್ತ ಮನೆಗಳಲ್ಲಿ ಕೊಂಕಣಿ, ಮಲಯಾಳಂ, ತಮಿಳು, ತುಳು ಎಲ್ಲ ಇವೆ. ಪ್ರಾರ್ಥನೆಗೆ ಸಭೆಯ ಗ್ರಾಂಥಿಕ ಭಾಷೆಯೇ ಬೇಕೆಂದಿಲ್ಲ. ನೀವು ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲಿ ಪ್ರಾರ್ಥಿಸಿ.

ಏನೂ ಅನಿಸದ ದಿನಗಳು ಬರುತ್ತವೆ. ಆಗ ನಿಮ್ಮ ಮಾತು ಹುಡುಕಬೇಡಿ, ಕೀರ್ತನೆಯ ಮಾತನ್ನು ಎರವಲು ಪಡೆಯಿರಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಬೆಳಕಿನ ಸಾಲಿಲ್ಲ. ಅದನ್ನೂ ಸತ್ಯವೇದದಲ್ಲಿ ಉಳಿಸಿಟ್ಟಿದ್ದಾರೆಂದರೆ ಅಂಥ ಪ್ರಾರ್ಥನೆಗೂ ದೇವರ ಮುಂದೆ ಜಾಗವಿದೆ.

ಮನೆಮಂದಿಯ ಜೊತೆ

ಸಂಜೆಯ ಕುಟುಂಬ ಪ್ರಾರ್ಥನೆ ಹದಿನೈದು ನಿಮಿಷ ಮೀರದಿರಲಿ. ಒಂದು ಹಾಡು, ಹತ್ತು ಹನ್ನೆರಡು ವಚನ, ಎರಡು ಪ್ರಾರ್ಥನೆ. ಜಪಮಾಲೆ ಹೇಳುವ ಮನೆಗಳಲ್ಲಿ ಪ್ರತಿ ರಹಸ್ಯಕ್ಕೂ, ಅಂದರೆ ಅಲ್ಲಿ ಧ್ಯಾನಿಸುವ ಪ್ರತಿ ಘಟನೆಗೂ, ಮುಂಚೆ ಆ ಘಟನೆಯ ನಾಲ್ಕು ವಚನ ಓದಿದರೆ ಎರಡೂ ಕೂಡಿಬರುತ್ತವೆ. ಓದುವ ಕೆಲಸ ಮಕ್ಕಳಿಗೆ ಕೊಡಿ. ತಡವರಿಸಿದರೆ ತಿದ್ದಲು ಅವಸರ ಬೇಡ. ಆ ಹೊತ್ತಿನಲ್ಲಿ ಅಂಕಪಟ್ಟಿಯ ವಿಚಾರಣೆ, ಬೈಗುಳ ಖಂಡಿತ ಬೇಡ. ಪ್ರಾರ್ಥನೆಯ ಹೆಸರಿನಲ್ಲಿ ಮಕ್ಕಳಿಗೆ ಉಪದೇಶದ ಚಾಟಿ ಬೀಸಿದ ಮನೆಗಳಿಂದ ಅವರು ದೊಡ್ಡವರಾದ ಮೇಲೆ ದೂರ ಹೋದದ್ದನ್ನು ನೋವಿನಿಂದ ನೋಡಿದ್ದೇನೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮೊದಲು ಅವನ ಅಜ್ಜಿ ಲೋವಿಯ, ತಾಯಿ ಯೂನಿಕೆಯ ವಿಶ್ವಾಸವನ್ನು ನೆನೆಯುತ್ತಾನೆ. ಮುಂದಿನ ವಚನದಲ್ಲೇ, ನಿನ್ನಲ್ಲಿರುವ ದೇವರ ವರವನ್ನು ಮತ್ತೆ ಉರಿಯುವಂತೆ ಮಾಡು ಎನ್ನುತ್ತಾನೆ. ಆ ಗ್ರೀಕ್ ಪದದಲ್ಲಿ ಕೆಂಡವನ್ನು ಊದಿ ಎಬ್ಬಿಸುವ ಅರ್ಥವಿದೆ.

ನಿಂತುಹೋದರೆ

ನಿಂತುಹೋಗುತ್ತದೆ. ಅಪ್ಪ ಆಸ್ಪತ್ರೆಯಲ್ಲಿದ್ದ ಏಳು ವಾರ ನಾನು ಒಂದು ಪುಟ ಓದಲಿಲ್ಲ. ಅವರು ತೀರಿಕೊಂಡ ಮೇಲೆ ಇನ್ನೂ ಮೂರು ತಿಂಗಳು ಸತ್ಯವೇದ ಕಪಾಟಿನಲ್ಲೇ ಇತ್ತು. ಮತ್ತೆ ಶುರುಮಾಡಲು ನನ್ನನ್ನು ತಡೆದದ್ದು ದುಃಖಕ್ಕಿಂತ ಹೆಚ್ಚಾಗಿ ಬಾಕಿಯ ಲೆಕ್ಕ. ಇಷ್ಟು ಅಧ್ಯಾಯ ಹಿಂದೆ ಬಿದ್ದೆ, ಅದನ್ನೆಲ್ಲ ತೀರಿಸದೆ ಮುಂದೆ ಹೋಗುವುದು ಹೇಗೆ ಎಂಬ ಭಾರ. ಕೊನೆಗೆ ಬಿಡಿಸಿದ್ದು ವಿಮೋಚನಕಾಂಡದ 16ನೆಯ ಅಧ್ಯಾಯ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ದಿನದಿನಕ್ಕೆ ಬೀಳುತ್ತಿತ್ತು. ಮರುದಿನಕ್ಕೆಂದು ಕೂಡಿಟ್ಟದ್ದು ಹುಳುಬಿದ್ದು ನಾರಿತು. ಆರನೆಯ ದಿನ ಮಾತ್ರ ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಎರಡರಷ್ಟು. ನಿನ್ನೆ ಹೆಕ್ಕದವನು ಇಂದು ನಿನ್ನೆಯ ಪಾಲನ್ನೂ ಹೆಕ್ಕಬೇಕೆಂದು ಅಲ್ಲಿ ಎಲ್ಲೂ ಹೇಳಿಲ್ಲ.

ಆದ್ದರಿಂದ ಬಾಕಿ ಓದನ್ನು ಬಿಟ್ಟುಬಿಡಿ. ಪಟ್ಟಿ ಇದ್ದರೆ ಇಂದಿನ ದಿನಾಂಕಕ್ಕೆ ಹೋಗಿ, ಇಲ್ಲದಿದ್ದರೆ ನಿಂತಲ್ಲಿಂದ ಮುಂದೆ ಓದಿ. ಮೊದಲ ವಾರ ಐದೇ ನಿಮಿಷ. ಸಾಧ್ಯವಾದರೆ ಸಭೆಯಲ್ಲಿ ಒಬ್ಬರನ್ನು ಜೊತೆ ಮಾಡಿಕೊಳ್ಳಿ, ಒಂದೇ ಭಾಗ ಓದಿ, ವಾರಕ್ಕೊಮ್ಮೆ ಚಹಾ ಕುಡಿಯುತ್ತಾ ಹತ್ತು ನಿಮಿಷ ಅದರ ಬಗ್ಗೆ ಮಾತನಾಡಿ. ನನಗೆ ಹಾಗೆ ಜೊತೆಯಾದವರು ಕೆಳಗಿನ ಮನೆಯ ಕಥೋಲಿಕ ಅಕ್ಕ. ನಮ್ಮ ಪುಸ್ತಕಗಳ ಸಂಖ್ಯೆ ಬೇರೆ, ಮಾರ್ಕ ಒಬ್ಬನೇ.

ಮೊದಲ ವಾರಕ್ಕೆ

ಸೋಮವಾರ ಮಾರ್ಕ 1:1ರಿಂದ 13, ಮಂಗಳವಾರ 14ರಿಂದ 20, ಬುಧವಾರ 21ರಿಂದ 34. ಗುರುವಾರ 35ರಿಂದ 45. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುವ ಭಾಗ ಅದು, ಹಿಂದಿನ ಸಂಜೆ ಊರೆಲ್ಲ ಬಾಗಿಲಿಗೆ ಬಂದಿತ್ತೆಂಬುದನ್ನು ನೆನಪಿಟ್ಟು ಓದಿ. ಶುಕ್ರವಾರ ಮಾಳಿಗೆ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದ ನಾಲ್ವರ ಕಥೆ, 2:1ರಿಂದ 12. ಶನಿವಾರ ಸುಂಕದ ಕಟ್ಟೆಯಿಂದ ಎದ್ದು ಬಂದ ಲೇವಿ, 13ರಿಂದ 17. ಭಾನುವಾರ ದೇವಾಲಯದಿಂದ ಬಂದ ಮೇಲೆ ಊಟಕ್ಕೆ ಮೊದಲು 18ರಿಂದ 28 ಅನ್ನು ಮನೆಯವರೆಲ್ಲ ಸೇರಿ ಓದಿ. ಇಂದು ರಾತ್ರಿಯೇ ಪುಸ್ತಕವನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ಮಾರ್ಕನ ಮೊದಲ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ ಇಡಿ.